ಎರಡೂವರೆ ವರ್ಷದ ಮಗು, ಮೂರು ದಿನದ ರಜೆ: ಉಡುಪಿ, ಮಂಗಳೂರಲ್ಲಿ ಎಷ್ಟು ಜಾಗ ನೋಡಬಹುದು?

ಪ್ರಶ್ನೆ: ಅಕ್ಕ, ನಾವು ದಾವಣಗೆರೆಯವರು. ಮಗನಿಗೆ ಎರಡೂವರೆ ವರ್ಷ. ಡಿಸೆಂಬರ್ ಕೊನೆಯಲ್ಲಿ ಮೂರು ದಿನ ಉಡುಪಿ, ಮಂಗಳೂರು ಕಡೆ ಕಾರಲ್ಲಿ ಬರಬೇಕು ಅಂತಿದ್ದೇವೆ. ಅತ್ತೆ ಮಾವನೂ ಇರುತ್ತಾರೆ. ಕೃಷ್ಣ ಮಠ, ಮಲ್ಪೆ, ಸೈಂಟ್ ಮೇರೀಸ್ ದ್ವೀಪ, ಕಾಪು, ಪಣಂಬೂರು, ಪಿಲಿಕುಳ, ಕಟೀಲು, ಕೊಲ್ಲೂರು ಅಂತ ಪಟ್ಟಿ ಮಾಡಿದ್ದೇವೆ. ಚಿಕ್ಕ ಮಗು ಕಟ್ಟಿಕೊಂಡು ಇಷ್ಟೆಲ್ಲ ಆಗುತ್ತಾ?

ಉತ್ತರ: ಆಗುವುದಿಲ್ಲ. ಮೂರು ದಿನಕ್ಕೆ ಮೂರು ಜಾಗ ಇಟ್ಟುಕೊಳ್ಳಿ. ಜೊತೆಗೆ ದಿನಾ ಸಂಜೆ ಒಂದಿಷ್ಟು ಹೊಯಿಗೆ, ಅಂದರೆ ಕಡಲ ತೀರದ ಮರಳು. ಅಷ್ಟು ಸಾಕು.

ಮಳೆಗಾಲ ಮುಗಿದು ದಸರಾ ಕಳೆದ ಕೂಡಲೇ ಘಟ್ಟದ ಮೇಲಿನ ನೆಂಟರಿಂದ ಹಿಡಿದು ಗುರುತಿಲ್ಲದವರವರೆಗೆ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಪಟ್ಟಿಯಿಂದ ಏನನ್ನು ಬಿಡಬೇಕು ಅಂತ ಹೇಳುವುದಕ್ಕಿಂತ ಮೊದಲು ಕರಾವಳಿಯ ಒಂದು ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಅದು ಗೊತ್ತಾದರೆ ಉಳಿದದ್ದು ನಿಮಗೇ ಹೊಳೆಯುತ್ತದೆ.

ಡಿಸೆಂಬರಲ್ಲಿ ನಿಮ್ಮೂರಲ್ಲಿ ಚಳಿ ಇರುತ್ತದೆ. ಇಲ್ಲಿ ಇರುವುದಿಲ್ಲ. ಮಧ್ಯಾಹ್ನ 32, 33 ಡಿಗ್ರಿ ಬಿಸಿಲು, ಅದರ ಮೇಲೆ ಸೆಖೆ. ಬೆವರು ಆರುವುದೇ ಇಲ್ಲ, ಮೈ ಅಂಟಂಟು. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ, ಒಣ ಹವೆಯಲ್ಲಿ ಬೆಳೆದ ಮಗು ಕಿರಿಕಿರಿ ಮಾಡುತ್ತದೆ. ಗಾಳಿಗೂ ಇಲ್ಲಿ ಒಂದು ಲೆಕ್ಕ ಉಂಟು. ರಾತ್ರಿ ನೆಲ ಬೇಗ ತಣಿಯುತ್ತದೆ, ಆಗ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಹಾಗಾಗಿ ಬೆಳಿಗ್ಗೆ ಕಡಲು ಸಾಮಾನ್ಯವಾಗಿ ಶಾಂತ. ಹೊತ್ತೇರಿದಂತೆ ನೆಲ ಕಾಯುತ್ತದೆ, ಗಾಳಿ ತಿರುಗಿ ಕಡಲಿಂದ ಬೀಸಲು ಶುರುವಾಗುತ್ತದೆ. ಮಧ್ಯಾಹ್ನದ ಮೇಲೆ ಅದು ಜೋರಾಗುತ್ತದೆ, ತೆರೆಯೂ ಏರುತ್ತದೆ.

ಅಂದರೆ ದೋಣಿ, ನೀರು, ನಡಿಗೆ ಎಲ್ಲ ಬೆಳಿಗ್ಗೆ ಹತ್ತೂವರೆಯೊಳಗೆ ಮುಗಿಯಬೇಕು. ಹನ್ನೊಂದರಿಂದ ನಾಲ್ಕರವರೆಗೆ ಊಟ, ಸ್ನಾನ, ನಿದ್ದೆ. ನಾಲ್ಕೂವರೆ ಮೇಲೆ ಹೊಯಿಗೆ. ಎರಡೂವರೆ ವರ್ಷದ ಮಗು ನಿದ್ದೆ ಮಾಡುವ ಹೊತ್ತೂ ಅದೇ ಮಧ್ಯಾಹ್ನ ಅಲ್ವಾ? ಇಷ್ಟು ಚೆನ್ನಾಗಿ ಹೊಂದಿಕೊಂಡಿರುವ ದಿನವನ್ನು ನಾವು ಪಟ್ಟಿ ಹಿಡಿದು ಕೆಡಿಸುತ್ತೇವೆ. ಮಧ್ಯಾಹ್ನ ಒಂದು ಗಂಟೆಗೆ ರಥಬೀದಿಯಲ್ಲಿ ಅಳುವ ಮಗುವನ್ನು ಎತ್ತಿಕೊಂಡು ಮುಂದಿನ ಜಾಗಕ್ಕೆ ದಾರಿ ಕೇಳುವ ಅಪ್ಪ ಅಮ್ಮಂದಿರನ್ನು ಪ್ರತಿ ರಜೆಯಲ್ಲೂ ನೋಡುತ್ತೇನೆ. ನನಗೆ ನಿಜಕ್ಕೂ ಬೇಸರವಾಗುತ್ತದೆ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಕೊಲ್ಲೂರು ಉಡುಪಿಯಿಂದ ಸುಮಾರು 75 ಕಿಲೋಮೀಟರ್. ಹೋಗಿ ಬರುವುದರಲ್ಲಿ ಒಂದು ದಿನ ಮುಗಿಯುತ್ತದೆ. ಅತ್ತೆ ಮಾವನಿಗೆ ತುಂಬಾ ಆಸೆ ಇದ್ದರೆ ಅವರಿಬ್ಬರಿಗೆ ಬೇರೆ ಟ್ಯಾಕ್ಸಿ ಮಾಡಿಕೊಡಿ, ಆ ದಿನ ಮಗುವಿನ ಜೊತೆ ನೀವು ಉಳಿಯಿರಿ. ಕಟೀಲು, ಪಣಂಬೂರು ಇನ್ನೊಂದು ಸಲಕ್ಕೆ ಇರಲಿ. ದಿನಕ್ಕೊಂದು ಲಾಡ್ಜ್ ಬದಲಿಸಬೇಡಿ. ಉಡುಪಿ ಅಥವಾ ಮಲ್ಪೆ ಕಡೆ ಒಂದೇ ರೂಮು ಮಾಡಿ, ಮೂರೂ ದಿನ ಅಲ್ಲೇ ಇರಿ. ಮೊದಲ ರಾತ್ರಿ ಹೊಸ ಹಾಸಿಗೆಯಲ್ಲಿ ಮಗು ಸರಿಯಾಗಿ ಮಲಗುವುದಿಲ್ಲ. ಎರಡನೇ ರಾತ್ರಿಗೆ ಅದು ಅವನ ರೂಮಾಗಿರುತ್ತದೆ.

ಕೃಷ್ಣ ಮಠಕ್ಕೆ ಬೆಳಿಗ್ಗೆ ಬೇಗ ಹೋಗಿ. ಕನಕನ ಕಿಂಡಿ ಮಗುವಿಗೆ ಅರ್ಥವಾಗುವ ವಯಸ್ಸಲ್ಲ. ಆದರೆ ಕಿಂಡಿಯಲ್ಲಿ ಇಣುಕಿ ಒಳಗೆ ಯಾರೋ ಇದ್ದಾರೆ ಅಂತ ನೋಡುವುದು ಅವನ ವಯಸ್ಸಿಗೆ ಹೇಳಿ ಮಾಡಿಸಿದ ಆಟ. ಅವನನ್ನು ಎತ್ತಿ ತೋರಿಸಿ. ಆಮೇಲೆ ಗೋಶಾಲೆಯ ದನಕರು. ನಮ್ಮ ಮನೆಯ ಮಕ್ಕಳು ಮಠಕ್ಕೆ ಹೋಗುತ್ತಿದ್ದದ್ದೇ ಕರುವನ್ನು ನೋಡಲು. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಮಾವನವರಿಗೆ ಮೊದಲೇ ಹೇಳಿಡಿ. ರಜೆಯ ತಾರೀಕು ಜನವರಿಗೆ ಮುಂದೆ ಹೋದರೆ ಒಂದು ಎಚ್ಚರಿಕೆ. ಮಕರ ಸಂಕ್ರಾಂತಿಯ ರಾತ್ರಿ ಮೂರು ತೇರು ಎಳೆಯುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ದಿನ. ಎರಡೂ ನೋಡಲೇಬೇಕಾದ ಹಬ್ಬಗಳೇ, ಆದರೆ ಕಂಕುಳಲ್ಲಿ ಮಗು ಇಟ್ಟುಕೊಂಡು ಆ ಜನಸಂದಣಿಯಲ್ಲಿ ನಿಲ್ಲಬೇಡಿ. ರೂಮೂ ಸಿಗುವುದಿಲ್ಲ.

ಇನ್ನು ದ್ವೀಪ. ಎಲ್ಲರ ಪಟ್ಟಿಯಲ್ಲೂ ಮೊದಲು ಇರುವುದು ಇದೇ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕಂಬ ಕಂಬವಾಗಿ ನಿಂತ ಬಂಡೆಗಳು ಅಲ್ಲಿವೆ. ಯಾರೋ ಕೆತ್ತಿ ಜೋಡಿಸಿಟ್ಟ ಹಾಗೆ ಕಾಣುತ್ತವೆ. ನಿಮಗೆ ಖುಷಿ ಆಗುತ್ತದೆ. ಮಗುವಿಗೆ ಆಗುವುದು ಚಿಪ್ಪು ನೋಡಿ. ಅಲ್ಲಿನ ತೀರದಲ್ಲಿ ಹೊಯಿಗೆಗಿಂತ ಚಿಪ್ಪೇ ಜಾಸ್ತಿ. ಚೂಪಾಗಿರುತ್ತವೆ, ಬರಿಗಾಲಲ್ಲಿ ಬಿಡಬೇಡಿ.

ನನ್ನ ಮಗಳಿಗೆ ಎರಡು ವರ್ಷವಾಗಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹೋಗುವಾಗ ಎಲ್ಲ ಚೆನ್ನಾಗಿತ್ತು. ಹನ್ನೆರಡಕ್ಕೆ ವಾಪಸ್ ಹೊರಟರೆ ದೋಣಿಗೆ ಉದ್ದ ಸಾಲು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆವು. ತಂದ ನೀರು ಮುಗಿದಿತ್ತು. ಅವಳು ಅತ್ತು ಅತ್ತು ಕೊನೆಗೆ ಅಳುವುದನ್ನೂ ನಿಲ್ಲಿಸಿ ಸುಮ್ನೆ ನನ್ನ ಹೆಗಲ ಮೇಲೆ ಬಿದ್ದುಕೊಂಡಳು. ಆ ಸುಮ್ಮನಾಗುವಿಕೆ ನನಗೆ ಇವತ್ತಿಗೂ ಮರೆತಿಲ್ಲ. ದೋಣಿಯಲ್ಲಿದ್ದ ಲೈಫ್ ಜಾಕೆಟ್ ಕೂಡ ದೊಡ್ಡವರ ಅಳತೆಯದು, ಅವಳ ತೋಳಿನಿಂದ ಜಾರುತ್ತಿತ್ತು.

ಅದಕ್ಕೆ ನಾನು ಹೇಳುವುದು ಇಷ್ಟು. ಬೆಳಗಿನ ಮೊದಲ ದೋಣಿ ಸಿಕ್ಕಿದರೆ ಹೋಗಿ. ಮಗುವಿನ ತೂಕಕ್ಕೆ ಸರಿಯಾದ, ಕಾಲ ನಡುವೆ ಪಟ್ಟಿ ಇರುವ ಲೈಫ್ ಜಾಕೆಟ್ ಊರಿಂದಲೇ ಕೊಂಡು ತನ್ನಿ. ನೀರು ಬೇಕು ಅನಿಸಿದ್ದಕ್ಕಿಂತ ಎರಡು ಪಟ್ಟು ಇಟ್ಟುಕೊಳ್ಳಿ. ತೀರದ ಹತ್ತಿರ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಬೇಕಾದರೆ ಎತ್ತಿಕೊಂಡವರೇ ದಾಟಬೇಡಿ, ಒಬ್ಬರು ದಾಟಿ ನಿಂತ ಮೇಲೆ ಮಗುವನ್ನು ಕೈಗೆ ಕೊಡಿ. ಮೊದಲ ದೋಣಿ ತಪ್ಪಿದರೆ ಅಥವಾ ಗಾಳಿ ಜೋರಿದ್ದರೆ ಬಿಟ್ಟುಬಿಡಿ. ಕೋಟಿ ವರ್ಷದಿಂದ ನಿಂತ ಕಲ್ಲು, ಅವನು ಶಾಲೆಗೆ ಹೋಗುವ ಹೊತ್ತಿಗೂ ಅಲ್ಲೇ ಇರುತ್ತದೆ.

ಕಡಲಿನ ವಿಷಯ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಪ್ರತಿ ರಜೆಯಲ್ಲೂ ಘಟ್ಟದ ಮೇಲಿಂದ ಬಂದವರು ಇಲ್ಲಿ ನೀರಿಗೆ ಹೋಗಿ ಮನೆಗೆ ಮರಳದ ಸುದ್ದಿ ಓದುತ್ತೇವೆ. ಕೆರೆ, ಕಾಲುವೆ ನೋಡಿ ಬೆಳೆದವರಿಗೆ ಕಡಲಿನ ಗುಣ ಗೊತ್ತಿರುವುದಿಲ್ಲ. ತೆರೆ ದಡಕ್ಕೆ ತಂದು ಹಾಕಿದ ನೀರು ಹಿಂದೆ ಹೋಗಲೇಬೇಕು. ಅದು ತಗ್ಗಿರುವ ಕಡೆ ಸೇರಿ ಒಂದು ತೋಡಿನ, ಅಂದರೆ ಸಣ್ಣ ಹಳ್ಳದ ಹಾಗೆ ರಭಸದಿಂದ ಒಳಗೆ ಹರಿಯುತ್ತದೆ. ಆ ತೋಡು ಆಳವಾದ್ದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಹೊಸಬರು ಮಗುವನ್ನು ಇಳಿಸಲು ಆರಿಸುವುದು ಸರಿಯಾಗಿ ಅದೇ ಜಾಗವನ್ನು. ಇಲ್ಲಿ ತೆರೆ ಕಡಿಮೆ ಅಂತ.

ನದಿ ಕಡಲು ಸೇರುವ ಜಾಗಕ್ಕೆ ನಾವು ಅಳಿವೆ ಅನ್ನುತ್ತೇವೆ. ಕೋಡಿ ಬೆಂಗ್ರೆಯಲ್ಲಿ ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಕಿರಿದಾದ ನೆಲ. ನೋಡಲು ತುಂಬಾ ಚಂದ. ಕಾರಲ್ಲಿ ಕೊನೆಯವರೆಗೂ ಹೋಗಿ ನೋಡಿ, ಆದರೆ ಅಳಿವೆಯ ನೀರಿಗೆ ಪಾದವನ್ನೂ ಇಡಬೇಡಿ. ಉಬ್ಬರ ಇಳಿತದ ಜೊತೆ ಅಲ್ಲಿನ ಸೆಳೆತ ಗಳಿಗೆಗೊಂದು ಥರ ಇರುತ್ತದೆ.

ಮಗುವಿಗೆ ಕಡಲು ಅಂದರೆ ಪಾದ ನೆನೆಯುವಷ್ಟು, ಅಷ್ಟೇ. ನಿಮ್ಮ ಮೊಣಕಾಲಿನ ನೀರು ಅವನ ಹೊಟ್ಟೆಯವರೆಗೆ ಬರುತ್ತದೆ. ತೆರೆ ವಾಪಸ್ ಹೋಗುವಾಗ ಕಾಲ ಕೆಳಗಿನ ಹೊಯಿಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಮಗು ನಿಂತಲ್ಲೇ ಬೀಳುತ್ತದೆ. ಬೆರಳು ಹಿಡಿಯಬೇಡಿ, ಒದ್ದೆ ಬೆರಳು ಜಾರುತ್ತದೆ. ಮಣಿಕಟ್ಟು ಹಿಡಿಯಿರಿ. ನೀಲಿ, ಬಿಳಿ ಅಂಗಿ ಬೇಡ, ನೀರಲ್ಲಿ ಕಾಣುವುದೇ ಇಲ್ಲ. ಕೆಂಪೋ ಕಿತ್ತಳೆಯೋ ಹಾಕಿ. ಮನೆ ಮಂದಿ ಐದು ಜನ ಇರುವಾಗ ಇನ್ನೊಂದು ಅಪಾಯ ಉಂಟು. ಅಜ್ಜಿ ನೋಡುತ್ತಿದ್ದಾರೆ ಅಂತ ಅಪ್ಪ, ಅಪ್ಪ ನೋಡುತ್ತಿದ್ದಾನೆ ಅಂತ ಅಮ್ಮ. ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ನಮ್ಮ ಮನೆಯಲ್ಲಿ "ಈಗ ನಾನು ನೋಡ್ತೇನೆ" ಅಂತ ಒಬ್ಬರು ಬಾಯಿಬಿಟ್ಟು ಹೇಳಬೇಕು. ಹೇಳಿದವರ ಕೈಯಲ್ಲಿ ಮೊಬೈಲ್ ಇರಬಾರದು. ಫೋಟೋ ಬೇರೆಯವರು ತೆಗೆಯಲಿ. ಜೀವರಕ್ಷಕರು ಸೀಟಿ ಊದಿದರೆ, ಕೆಂಪು ಬಾವುಟ ಕಂಡರೆ ವಾದ ಬೇಡ, ಮೇಲೆ ಬನ್ನಿ.

ಇದನ್ನೆಲ್ಲ ಓದಿ ಕಡಲಿಗೆ ಹೋಗುವುದೇ ಬೇಡ ಅನ್ನಬೇಡಿ. ಹೊಯಿಗೆಯಷ್ಟು ಒಳ್ಳೆಯ ಆಟದ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಳಿತದ ಹೊತ್ತು ನೋಡಿಕೊಂಡು ಹೋಗಿ. ಆಗ ದಡ ಅಗಲವಾಗಿ, ಗಟ್ಟಿಯಾಗಿ ಇರುತ್ತದೆ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅವತ್ತಿನ ಹೊತ್ತನ್ನು ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ತೆರೆ ಬರುವ ಗೆರೆಯಿಂದ ಸಾಕಷ್ಟು ಮೇಲೆ, ಹಸಿ ಹೊಯಿಗೆಯಲ್ಲಿ ಒಂದು ಚಿಕ್ಕ ಗುಂಡಿ ತೋಡಿ. ಕೆಳಗಿಂದ ತಾನಾಗಿಯೇ ನೀರು ಒಸರುತ್ತದೆ. ಅದೇ ಮಗುವಿನ ಕಡಲು. ಒಂದು ಲೋಟ, ಒಂದು ಸೌಟು ಕೊಟ್ಟರೆ ಒಂದು ಗಂಟೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಪಕ್ಕದಲ್ಲೇ ಸಣ್ಣ ಏಡಿಗಳು ಸಾಸಿವೆಗಿಂತ ಸ್ವಲ್ಪ ದೊಡ್ಡ ಹೊಯಿಗೆ ಉಂಡೆಗಳನ್ನು ಮಾಡಿ ಸಾಲಾಗಿ ಇಟ್ಟಿರುತ್ತವೆ. ಸದ್ದು ಮಾಡದೆ ಕೂತರೆ ಹೊರಗೆ ಬರುತ್ತವೆ. ಆಟ ಮುಗಿದ ಮೇಲೆ ಗುಂಡಿ ಮುಚ್ಚಿ ಬನ್ನಿ, ಕತ್ತಲಲ್ಲಿ ಬಲೆ ಎಳೆಯುವವರು ಓಡಾಡುತ್ತಾರೆ.

ಯಾವ ಕಡಲ ತೀರ ಅಂತ ಕೇಳಿದರೆ, ನಿಮ್ಮ ಮನೆ ಮಂದಿಗೆ ನಾನು ಹೇಳುವುದು ಪಡುಬಿದ್ರಿಯ ಎಂಡ್ ಪಾಯಿಂಟ್. 2020ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲ ತೀರಕ್ಕೆ ಕೊಡುವ ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಜಾಗ, ಮೈ ತೊಳೆಯಲು ನೀರು ಇರುವ ಕಡೆ ಮಗುವಿನ ಜೊತೆ ಹೋಗುವುದೇ ಬೇರೆ. ಮಲ್ಪೆಯಲ್ಲಿ ಸಂಜೆಗೆ ಗೌಜಿ ಗದ್ದಲ, ತಿಂಡಿ ಅಂಗಡಿ ಎಲ್ಲ ಇದೆ. ಕಾಪುವಿನ ದೀಪಸ್ತಂಭ 1901ರದು. ಸಂಜೆ ಹೊತ್ತು ಮೇಲೆ ಬಿಡುತ್ತಾರೆ. ಒಬ್ಬೊಬ್ಬರಾಗಿ ಹತ್ತಿ ಬನ್ನಿ, ಮಗು ಕೆಳಗೇ ಇರಲಿ.

ಮಂಗಳೂರಿನ ಹತ್ತಿರ ಪ್ರಾಣಿ ಸಂಗ್ರಹಾಲಯ ಇರುವ ಪಿಲಿಕುಳಕ್ಕೆ ಒಂದು ಬೆಳಿಗ್ಗೆ ಪೂರ್ತಿ ಕೊಡಿ. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಹುಲಿಗಳು ನೀರಿಗೆ ಬರುತ್ತಿದ್ದ ಕೊಳ ಅಂತ ಹೆಸರು. ಹೋಗುವ ದಾರಿಯಲ್ಲಿ ಇದನ್ನೇ ಕತೆ ಮಾಡಿ ಹೇಳಿ. ಉಡುಪಿಯಿಂದ ಒಂದೂವರೆ ಗಂಟೆಗೂ ಜಾಸ್ತಿ ಬೇಕು. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, ಯಾಕಂದರೆ ಬಿಸಿಲೇರಿದರೆ ಪ್ರಾಣಿಗಳೂ ನೆರಳು ಹುಡುಕಿ ಮಲಗುತ್ತವೆ. ಸೋಮವಾರ ರಜೆ ಇರುತ್ತದೆ, ದಿನ ಲೆಕ್ಕ ಹಾಕಿ ಹೊರಡಿ. ತಾರಾಲಯದ ಕತ್ತಲೆ, ದೊಡ್ಡ ಸದ್ದು ಈ ವಯಸ್ಸಿಗೆ ಬೇಡ. ಬರುವಾಗ ಅವನು ಕಾರಲ್ಲೇ ಮಲಗುತ್ತಾನೆ, ಅವತ್ತಿನ ನಿದ್ದೆ ಅಲ್ಲಿಗೆ ಆಯಿತು.

ಊಟಕ್ಕೆ ಚಿಂತೆ ಬೇಡ. ನೀರ್ ದೋಸೆಗೆ ತೆಂಗಿನ ತುರಿ, ಬೆಲ್ಲ ಕಲಸಿ ಕೊಡಿ. ಹಲಸಿನೆಲೆಯ ಕಡುಬು, ಮೂಡೆ ಎರಡೂ ಮೆತ್ತಗಿರುತ್ತವೆ. ಖಾರ ಬೇಡ ಅಂತ ಮೊದಲೇ ಹೇಳಿ. ದಾರಿಯಲ್ಲಿ ಬೊಂಡ ಕುಡಿಸಿ, ಅಂದರೆ ಎಳನೀರು. ಕಾಯಿಸಿ ಆರಿಸಿದ ನೀರು, ಎರಡು ಪೊಟ್ಟಣ ಓಆರ್‌ಎಸ್ ಚೀಲದಲ್ಲಿರಲಿ. ಎಂಟು ಗಂಟೆಯಿಂದ ಮಗು ಉಚ್ಚೆ ಮಾಡದಿದ್ದರೆ, ತುಟಿ ಒಣಗಿ ಮಂಕಾಗಿದ್ದರೆ ನಾಳೆ ನೋಡೋಣ ಅನ್ನಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಮಣಿಪಾಲ ಹತ್ತಿರವೇ ಇದೆ.

ನೀವು ಆಗುಂಬೆ ಇಳಿದು ಬರುವುದಾದರೆ ಅಲ್ಲಿ 14 ತಿರುವುಗಳಿವೆ. ಎರಡು ವರ್ಷ ದಾಟಿದ ಮಕ್ಕಳಿಗೆ ವಾಂತಿ ಶುರುವಾಗುವ ವಯಸ್ಸು ಇದು. ಘಟ್ಟಕ್ಕೆ ಮೊದಲು ಹೊಟ್ಟೆ ತುಂಬಾ ಹಾಲು ಕುಡಿಸಬೇಡಿ, ಸ್ವಲ್ಪ ಒಣ ತಿಂಡಿ ಸಾಕು. ಮೊಬೈಲ್ ಕೊಡಬೇಡಿ, ಕಿಟಕಿಯಿಂದ ದೂರದ ಮರ, ಗುಡ್ಡ ನೋಡಲಿ.

ಒಂದು ರಾತ್ರಿ ಹತ್ತಿರದಲ್ಲಿ ಎಲ್ಲಾದರೂ ಯಕ್ಷಗಾನ ಇದ್ದರೆ ಬಿಡಬೇಡಿ. ನವೆಂಬರಿಂದ ಮೇವರೆಗೆ ಮೇಳಗಳು ತಿರುಗಾಟದಲ್ಲಿರುತ್ತವೆ. ಬಯಲಾಟಕ್ಕೆ ಟಿಕೆಟ್ ಇರುವುದಿಲ್ಲ. ಚೆಂಡೆಯಿಂದ ದೂರ, ಹಿಂದೆ ಕೂತುಕೊಳ್ಳಿ. ಆಟ ಶುರುವಾಗುವ ಮೊದಲು ಕೇಳಿಕೊಂಡು ಮಗುವನ್ನು ಚೌಕಿಗೆ ಕರೆದುಕೊಂಡು ಹೋಗಿ. ಅಲ್ಲಿ ವೇಷಧಾರಿಗಳು ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಾ ಕೂತಿರುತ್ತಾರೆ. ಅಜ್ಜನ ವಯಸ್ಸಿನ ಒಬ್ಬರು ಮೆಲ್ಲ ಮೆಲ್ಲಗೆ ರಾಕ್ಷಸನಾಗುವುದನ್ನು ಅವನು ನೋಡಲಿ. ಅವರೂ ಒಮ್ಮೆ ನಕ್ಕು ಮಾತಾಡಿಸುತ್ತಾರೆ. ಆಮೇಲೆ ಅದೇ ರಾಕ್ಷಸ ಅಬ್ಬರಿಸಿಕೊಂಡು ರಂಗಸ್ಥಳಕ್ಕೆ ಬಂದಾಗ ನನ್ನ ಮಗಳು ಹೆದರಲಿಲ್ಲ. ನನ್ನ ತೊಡೆಯ ಮೇಲೆ ಎದ್ದು ನಿಂತು ಕೈ ಬೀಸಿದಳು.