ಗಲ್ಲು ಶಿಕ್ಷೆಗೆ ಗುರಿಯಾದ ಬಾಲಕ ಮತ್ತು ಶಾಲೆಯ ದಾಖಲಾತಿ ವಹಿ

1994ರ ಆಗಸ್ಟ್ 26ರಂದು ಪುಣೆಯ ಒಂದು ಮನೆಯಲ್ಲಿ ಐವರು ಹೆಂಗಸರು ಮತ್ತು ಇಬ್ಬರು ಮಕ್ಕಳು ಕೊಲೆಯಾದರು. ಹೆಂಗಸರಲ್ಲಿ ಒಬ್ಬಾಕೆ ಗರ್ಭಿಣಿ. ಪ್ರಕರಣದಲ್ಲಿ ಸಿಕ್ಕ ಮೂವರಲ್ಲಿ ಒಬ್ಬ ಮಾಫಿ ಸಾಕ್ಷಿಯಾದ. ಉಳಿದಿಬ್ಬರಿಗೆ 1998ರಲ್ಲಿ ಸೆಷನ್ಸ್ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತು ಮತ್ತು 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರಲ್ಲೊಬ್ಬನ ವಯಸ್ಸು ವಿಚಾರಣೆಯ ಕಾಗದಗಳಲ್ಲಿ ಇಪ್ಪತ್ತರ ಮೇಲಿತ್ತು. ಆದರೆ ಅವನು ಹುಟ್ಟಿ ಬೆಳೆದ ರಾಜಸ್ಥಾನದ ಬಿಕಾನೇರ್ ಭಾಗದ ಶಾಲೆಯ ದಾಖಲೆಯನ್ನು ಒಪ್ಪಿಕೊಂಡ ಅದೇ ಸುಪ್ರೀಂ ಕೋರ್ಟ್, 2023ರ ಮಾರ್ಚ್ 27ರಂದು, ಕೃತ್ಯ ನಡೆದ ದಿನ ಅವನಿಗೆ 12 ವರ್ಷ 6 ತಿಂಗಳಷ್ಟೇ ಆಗಿತ್ತು ಎಂದು ತೀರ್ಮಾನಿಸಿ ಬಿಡುಗಡೆಗೆ ಆದೇಶಿಸಿತು. ಅಷ್ಟರಲ್ಲಿ 28 ವರ್ಷಗಳಿಗೂ ಹೆಚ್ಚು ಕಾಲ ಅವನು ಜೈಲಿನಲ್ಲಿ ಕಳೆದಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾನೂನಿನ ಸಂಘರ್ಷಕ್ಕೆ ಒಳಗಾದ ಮಗುವಿನ ಗುರುತು ಬಹಿರಂಗವಾಗದಂತೆ ಈಗಿನ ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ತಡೆಯುತ್ತದೆ.

ಕಲಬುರಗಿ, ಯಾದಗಿರಿ ಕಡೆಯ ಓದುಗರಿಗೆ ಇದು ದೂರದ ಕಥೆಯಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಕುಟುಂಬಗಳು ಪುಣೆ, ಮುಂಬೈ, ಹೈದರಾಬಾದ್‌ಗಳಿಗೆ ಗುಳೆ ಹೋಗುತ್ತವೆ. ಅವರೊಂದಿಗೆ ಓದು ಬಿಟ್ಟ ಹುಡುಗರೂ ಹೋಗುತ್ತಾರೆ, ಆದರೆ ಅವರ ವಯಸ್ಸನ್ನು ಹೇಳಬಲ್ಲ ಕಾಗದ ಊರಿನ ಶಾಲೆಯ ಕಪಾಟಿನಲ್ಲೇ ಉಳಿಯುತ್ತದೆ.

ಬಾಲಕನನ್ನು ಕಾಪಾಡುವ ಕಾನೂನು ಆಗ ಇರಲಿಲ್ಲವೇ ಎಂದರೆ, ಇತ್ತು. 1860ರ ಭಾರತೀಯ ದಂಡ ಸಂಹಿತೆಯೇ ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ ಎಂದಿತ್ತು. ಏಳರಿಂದ ಹನ್ನೆರಡರೊಳಗಿನವರ ವಿಷಯದಲ್ಲಿ, ತಾನು ಮಾಡಿದ್ದರ ಪರಿಣಾಮವನ್ನು ಅರಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕಿತ್ತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಬೇರೆಯೇ ದಂಡ ಸಂಹಿತೆಯಿತ್ತು. ಭಾರತೀಯ ದಂಡ ಸಂಹಿತೆ ಇಲ್ಲಿ ಜಾರಿಯಾದದ್ದು ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ, 1951ರಲ್ಲಿ. ಅದೇ ವರ್ಷ ಹೈದರಾಬಾದ್ ರಾಜ್ಯಕ್ಕೆ ತನ್ನದೇ ಮಕ್ಕಳ ಕಾಯ್ದೆಯೂ ಬಂತು. ಮದರಾಸು 1920ರಲ್ಲೇ ಇಂಥ ಕಾಯ್ದೆ ಮಾಡಿತ್ತು. ಹೀಗೆ ರಾಜ್ಯಕ್ಕೊಂದು ಕಾನೂನು ಇದ್ದ ಸ್ಥಿತಿ ಮುಗಿದದ್ದು 1986ರ ಬಾಲ ನ್ಯಾಯ ಕಾಯ್ದೆಯಿಂದ. ಅದರಂತೆ ಅಪರಾಧ ಮಾಡಿದ 16 ತುಂಬದ ಹುಡುಗ ಮತ್ತು 18 ತುಂಬದ ಹುಡುಗಿ ಬಾಲಾಪರಾಧಿಗಳು. ಅವರಿಗೆ ಮರಣದಂಡನೆ ವಿಧಿಸುವಂತಿರಲಿಲ್ಲ. ಪುಣೆಯ ಕೊಲೆಗಳು ನಡೆದಾಗ ಈ ಕಾಯ್ದೆ ಜಾರಿಯಲ್ಲಿತ್ತು. ಹನ್ನೆರಡೂವರೆ ವರ್ಷದವನನ್ನು ಗಲ್ಲಿನ ಕೋಣೆಗೆ ಕಳಿಸಿದ್ದು ಕಾನೂನಿನ ಕೊರತೆಯಲ್ಲ, ಅವನ ವಯಸ್ಸನ್ನು ಯಾರೂ ಮೊದಲ ದಿನವೇ ಸರಿಯಾಗಿ ವಿಚಾರಿಸದೇ ಹೋದದ್ದು.

2000ದ ಕಾಯ್ದೆ ಹುಡುಗರಿಗೂ ವಯಸ್ಸಿನ ಮಿತಿಯನ್ನು 18ಕ್ಕೆ ಏರಿಸಿತು. 2006ರ ತಿದ್ದುಪಡಿಯು, ಅಂತಿಮ ತೀರ್ಪು ಬಂದ ಮೇಲೂ ಕೃತ್ಯದ ವೇಳೆ ತಾನು ಬಾಲಕನಾಗಿದ್ದೆ ಎಂಬ ವಾದವನ್ನು ಯಾವ ನ್ಯಾಯಾಲಯದಲ್ಲಾದರೂ ಎತ್ತಬಹುದೆಂದಿತು. ಪುಣೆಯ ಪ್ರಕರಣ ಮತ್ತೆ ತೆರೆದದ್ದು, ಈಗಿನ ಕಾಯ್ದೆಯೂ ಉಳಿಸಿಕೊಂಡಿರುವ ಈ ಬಾಗಿಲಿನಿಂದಲೇ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಯಲ್ಲಿ 17 ವರ್ಷದವನೊಬ್ಬ ಭಾಗಿಯಾಗಿ, ಅವನಿಗೆ ಬಾಲಾಪರಾಧಿಗಳ ವಿಶೇಷ ಗೃಹದಲ್ಲಿ ಗರಿಷ್ಠ ಮೂರು ವರ್ಷಗಳ ವಾಸ ಮಾತ್ರ ಆದಾಗ ಜನರ ಸಿಟ್ಟು ಬೀದಿಗೆ ಬಂತು. 2016ರ ಜನವರಿ 15ರಿಂದ ಜಾರಿಯಾದ ಈಗಿನ ಕಾಯ್ದೆ, ಘೋರ ಅಪರಾಧದಲ್ಲಿ 16ರಿಂದ 18ರ ನಡುವಿನವರನ್ನು ಬಾಲ ನ್ಯಾಯ ಮಂಡಳಿಯ ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ಕೊಟ್ಟಿತು. ಆಗಲೂ ಮರಣದಂಡನೆಯಾಗಲಿ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯಾಗಲಿ ಇಲ್ಲ.

ಹೀಗಾಗಿ 16 ಮತ್ತು 18 ಎಂಬ ಎರಡು ಗೆರೆಗಳ ಮೇಲೆ ಎಲ್ಲವೂ ನಿಂತಿದೆ. ವಯಸ್ಸಿನ ಬಗ್ಗೆ ಸಂಶಯವಿದ್ದರೆ ಮೊದಲು ಶಾಲೆಯ ಅಥವಾ ಎಸ್ಸೆಸ್ಸೆಲ್ಸಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ ಎಂದು ಈಗಿನ ಕಾಯ್ದೆಯ 94ನೇ ಕಲಮು ಕ್ರಮ ಹಾಕಿದೆ. ಎಲುಬಿನ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆಯಾಗುವುದು ಸಹಜ, ಆದ್ದರಿಂದ ಶಾಲೆಯ ವಹಿಯೇ ನಿರ್ಣಾಯಕ. ನಮ್ಮ ಹಳ್ಳಿಗಳ ಹಳೆಯ ವಹಿಗಳನ್ನು ತೆರೆದರೆ ಒಂದೇ ಪುಟದಲ್ಲಿ ಸಾಲುಸಾಲಾಗಿ ಜೂನ್ 1 ಎಂಬ ಜನ್ಮದಿನಾಂಕ ಕಾಣುತ್ತದೆ. "ಶರಣಬಸವೇಶ್ವರರ ಜಾತ್ರಿ ಮುಂದ ಹುಟ್ಯಾನ್ರಿ" ಎಂದು ತಾಯಿ ಹೇಳುತ್ತಾಳೆ, ಯಾವ ವರ್ಷದ ಜಾತ್ರೆ ಎಂಬುದು ಅವಳಿಗೆ ನೆನಪಿಲ್ಲ. ಮಗು ಒಂದನೇ ತರಗತಿಗೆ ಸೇರಲು ಬೇಕಾದ ವಯಸ್ಸನ್ನು ಹಿಂದಕ್ಕೆ ಎಣಿಸಿ ಗುರುಗಳು ದಿನಾಂಕ ಬರೆದುಕೊಳ್ಳುತ್ತಾರೆ. ಅದರಲ್ಲಿ ಮೋಸದ ಉದ್ದೇಶವಿಲ್ಲ. ಆದರೆ ಅಂದಾಜಿನ ಆ ಒಂದು ಸಾಲು ಮುಂದೆ ಹುಡುಗನೊಬ್ಬನನ್ನು ಬಾಲಮಂದಿರಕ್ಕೋ ಜೈಲಿಗೋ ಕಳಿಸಬಲ್ಲದು, ಹಾಗೆಯೇ ವಯಸ್ಕನೊಬ್ಬನಿಗೆ ಸಲ್ಲದ ರಕ್ಷಣೆಯನ್ನೂ ಕೊಡಬಲ್ಲದು. ಕೊಲೆಯಾದವರ ಮನೆಯವರಿಗೂ ಅದು ಸರಿಯಾಗಿರುವುದು ಅಷ್ಟೇ ಮುಖ್ಯ.

ಡೆಹ್ರಾಡೂನಿನ 1994ರ ಮೂರು ಕೊಲೆಗಳ ಪ್ರಕರಣದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾದವನು ತಾನು ಬಾಲಕನಾಗಿದ್ದೆ ಎಂದು ವಿಚಾರಣಾ ನ್ಯಾಯಾಲಯದ ಮುಂದೆಯೇ ಹೇಳಿದ್ದ. ಅವನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದ್ದುದರಿಂದ ವಯಸ್ಕನೇ ಇರಬೇಕೆಂದು ಆ ಮಾತನ್ನು ತಳ್ಳಿಹಾಕಲಾಯಿತು. 2012ರಲ್ಲಿ ರಾಷ್ಟ್ರಪತಿಗಳು ಗಲ್ಲನ್ನು ಜೀವಾವಧಿಗೆ ಇಳಿಸಿದರು, ಆದರೆ 60 ವರ್ಷ ತುಂಬುವವರೆಗೆ ಬಿಡುಗಡೆ ಇಲ್ಲವೆಂಬ ಷರತ್ತಿನೊಂದಿಗೆ. 2025ರ ಜನವರಿ 8ರಂದು, ಕೃತ್ಯದ ವೇಳೆ ಅವನಿಗೆ 14 ವರ್ಷವಾಗಿತ್ತು ಎಂದು ಒಪ್ಪಿದ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿ, ಹೊರಗೆ ಬದುಕು ಕಟ್ಟಿಕೊಳ್ಳಲು ನೆರವಾಗುವಂತೆ ಉತ್ತರಾಖಂಡದ ಕಾನೂನು ಸೇವಾ ಪ್ರಾಧಿಕಾರಕ್ಕೆ ಸೂಚಿಸಿತು.