ಡಬ್ಬದ ಮೇಲಿನ ಸಿಎಫ್‌ಎಂ ನೋಡಿ ಕೇಸ್ ಫ್ಯಾನ್ ಕೊಳ್ಳಬೇಡಿ

ಕಂಪ್ಯೂಟರಿಗೆ ಕೇಸ್ ಫ್ಯಾನ್, ಅಂದರೆ ಹೊರಗಿನ ಪೆಟ್ಟಿಗೆಯೊಳಗೆ ಗಾಳಿ ಆಡಿಸುವ ಫ್ಯಾನ್, ಕೇಳಿಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ಜನರ ಮೊದಲ ಪ್ರಶ್ನೆ ಒಂದೇ. "ಇದರಲ್ಲಿ ಯಾವುದರ ಸಿಎಫ್‌ಎಂ ಜಾಸ್ತಿ?" ಸಿಎಫ್‌ಎಂ ಅಂದರೆ ಫ್ಯಾನ್ ನಿಮಿಷಕ್ಕೆ ಸಾಗಿಸುವ ಗಾಳಿಯ ಅಳತೆ. ಕೆಲವರು ಮನೆಯಲ್ಲೇ ಲೆಕ್ಕ ಮಾಡಿಕೊಂಡು ಬಂದಿರುತ್ತಾರೆ. ಒಂದು ಫ್ಯಾನಿಗೆ 60, ಆರು ಫ್ಯಾನಿಗೆ 360, ಇನ್ನು ಬಿಸಿಯ ಮಾತೇ ಇಲ್ಲ ಅಂತ. ಸ್ವಲ್ಪ ದಿನ ಕಳೆದ ಮೇಲೆ ಅವರದ್ದೇ ಫೋನ್ ಬರುತ್ತದೆ: "ಸೌಂಡ್ ತಡೆಯೋಕಾಗ್ತಿಲ್ಲ ಸಾರ್, ಟೆಂಪರೇಚರೂ ಇಳಿದಿಲ್ಲ." ಅವರ ಮೇಲೆ ನನಗೆ ಸಿಟ್ಟಿಲ್ಲ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವುದನ್ನು ನೋಡಿ ಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪೇನಿದೆ? ಆದರೆ ಕೊಳ್ಳುವ ಮುಂಚೆ ಕೂರಿಸಿಕೊಂಡು ಹೇಳಿದರೂ ತಲೆಯಾಡಿಸಿ, ಕೊನೆಗೆ ಮತ್ತೆ ಆ ಅಂಕಿಗೇ ಬರುತ್ತಾರಲ್ಲ, ಅದು ಬೇಜಾರು.

ಆ ಅಂಕಿಯನ್ನು ಹೇಗೆ ಅಳೆಯುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಫ್ಯಾನಿನ ಮುಂದೆಯೂ ಅಡ್ಡ ಇಲ್ಲ, ಹಿಂದೆಯೂ ಅಡ್ಡ ಇಲ್ಲ, ಪೂರ್ತಿ ವೇಗದಲ್ಲಿ ತಿರುಗುತ್ತಿದೆ. ಆಗ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಸಾಗುತ್ತದೋ ಅದೇ ಸಿಎಫ್‌ಎಂ. ಪಕ್ಕದಲ್ಲಿ ಸ್ಟ್ಯಾಟಿಕ್ ಪ್ರೆಶರ್ ಅಂತ ಇನ್ನೊಂದು ಅಂಕಿ ಇರುತ್ತದೆ, ಮಿಲಿಮೀಟರ್ ನೀರಿನ ಲೆಕ್ಕದಲ್ಲಿ. ಅದು ಗಾಳಿ ಒಂದಿಷ್ಟೂ ಸಾಗದ ಹಾಗೆ ದಾರಿ ಪೂರ್ತಿ ಮುಚ್ಚಿದಾಗ ಫ್ಯಾನ್ ಹುಟ್ಟಿಸುವ ಒತ್ತಡ. ಅಂದರೆ ಒಂದು ಅಂಕಿ ಪೂರ್ತಿ ತೆರೆದ ಸ್ಥಿತಿಯದ್ದು, ಇನ್ನೊಂದು ಪೂರ್ತಿ ಮುಚ್ಚಿದ ಸ್ಥಿತಿಯದ್ದು. ಇವೆರಡೂ ಒಟ್ಟಿಗೆ ಯಾವತ್ತೂ ಸಿಗುವುದಿಲ್ಲ. ನಿಮ್ಮ ಕೇಸು ಪೂರ್ತಿ ತೆರೆದೂ ಇಲ್ಲ, ಪೂರ್ತಿ ಮುಚ್ಚಿಯೂ ಇಲ್ಲ. ಮುಂದೆ ಜಾಲರಿ ಇದೆ, ಅದರ ಹಿಂದೆ ಧೂಳಿನ ಫಿಲ್ಟರ್ ಇದೆ, ಕೆಲವರಿಗೆ ನೀರಿನಿಂದ ತಂಪು ಮಾಡುವ ರೇಡಿಯೇಟರ್ ಇದೆ, ಹಿಂದೆ ಮತ್ತೆ ಗ್ರಿಲ್. ಫ್ಯಾನ್ ಕೆಲಸ ಮಾಡುವುದು ಆ ಎರಡರ ನಡುವೆ ಎಲ್ಲೋ ಒಂದು ಕಡೆ. ಎಲ್ಲಿ ಅನ್ನುವುದನ್ನು ಕೇಸೇ ತೀರ್ಮಾನ ಮಾಡುತ್ತದೆ, ಫ್ಯಾನ್ ಒಂದೇ ಅಲ್ಲ.

ಉದಾಹರಣೆಗೆ ನಾಕ್ಟುವಾ ಕಂಪನಿಯ ಎನ್‌ಎಫ್-ಎ12ಎಕ್ಸ್25 ಫ್ಯಾನ್ ತಗೊಳ್ಳಿ. 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಸುಮಾರು 60 ಸಿಎಫ್‌ಎಂ, ಒತ್ತಡ 2.34 ಮಿಮೀ. ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ 1800 ಆರ್‌ಪಿಎಂನಲ್ಲಿ 56.3 ಸಿಎಫ್‌ಎಂ, 2.2 ಮಿಮೀ. ಬೆಲೆಯಲ್ಲಿ ಅಜಗಜಾಂತರ, ಅಂಕಿಯಲ್ಲಿ ಹತ್ತಿರ ಹತ್ತಿರ. ಎರಡೂ ಒಳ್ಳೆಯ ಫ್ಯಾನುಗಳೇ, ಎರಡನ್ನೂ ಹಾಕಿ ಕೊಡುತ್ತೇನೆ. ಇವುಗಳ ನಡುವಿನ ವ್ಯತ್ಯಾಸ ಇರುವುದು ದನಿಯ ಗುಣದಲ್ಲಿ, ಬೇರಿಂಗಿನಲ್ಲಿ, ಯಾವುದೋ ಒಂದು ವೇಗಕ್ಕೆ ಬಂದಾಗ ಗುಂಯ್ ಅನ್ನುತ್ತದೋ ಇಲ್ಲವೋ ಅನ್ನುವುದರಲ್ಲಿ. ಡಬ್ಬದ ಮೇಲಿನ ಈ ಅಂಕಿಗಳಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಇನ್ನು ಆರು ಫ್ಯಾನಿಗೆ 360 ಅಂತ ಕೂಡುವ ಲೆಕ್ಕ. ಮುಂದಿನ ಮೂರು ಫ್ಯಾನು ಒಳಗೆ ಎಳೆಯುವ ಗಾಳಿಯೇ ಹಿಂದಿನಿಂದ ಹೊರಗೆ ಹೋಗಬೇಕು. ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಸೇರಿಸಿ ಎಣಿಸಿದರೆ ಅದೇ ಗಾಳಿಯನ್ನು ಎರಡು ಸಲ ಎಣಿಸಿದ ಹಾಗೆ.

ಮದುವೆ ವಿಡಿಯೋ ಎಡಿಟ್ ಮಾಡುವ ಒಬ್ಬ ಹುಡುಗ ದಾವಣಗೆರೆ ಕಡೆಯಿಂದ ಬಸ್ಸಿನಲ್ಲಿ ಕಂಪ್ಯೂಟರನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದ. ತುಂಬಾ ಒಳ್ಳೆಯ ಹುಡುಗ, ಸೀಸನ್ನಿನಲ್ಲಿ ರಾತ್ರಿಯೆಲ್ಲ ಕೂತು ರೆಂಡರ್ (ಎಡಿಟ್ ಆದ ವಿಡಿಯೋವನ್ನು ಪೂರ್ತಿ ಫೈಲ್ ಮಾಡುವ ಕೆಲಸ) ಹಾಕುವವನು. ಮುಂದೆ ಪೂರ್ತಿ ಗಾಜಿನ ಕೇಸು, ಒಳಗೆ ಆರು ಬಣ್ಣದ ಲೈಟಿನ ಫ್ಯಾನು. ಹೆಡ್‌ಫೋನ್ ಹಾಕದೆ ಎಡಿಟ್ ಮಾಡೋಕೇ ಆಗಲ್ಲ, ಇನ್ನೂ ಜಾಸ್ತಿ ಸಿಎಫ್‌ಎಂ ಇರೋದು ಕೊಡಿ ಅಂದ. ನಾನು ಮಾಡಿದ್ದು ಇಷ್ಟೇ. ರೆಂಡರ್ ಶುರು ಮಾಡಿಸಿ ಮುಂದಿನ ಗಾಜನ್ನು ಬಿಚ್ಚಿ ಪಕ್ಕಕ್ಕೆ ಇಟ್ಟೆ. ನೋಡ್ತಾ ನೋಡ್ತಾ ಗ್ರಾಫಿಕ್ಸ್ ಕಾರ್ಡಿನ ಟೆಂಪರೇಚರ್ ಇಳಿಯತೊಡಗಿತು. ಗಾಜಿಗೂ ಫ್ಯಾನಿಗೂ ನಡುವೆ ಇದ್ದದ್ದು ಒಂದು ಬೆರಳು ಸಂದು. ಗಾಳಿ ಬರಬೇಕಾದ್ದು ಪಕ್ಕದ ಸೀಳಿನಿಂದ. ಎಲ್ಲ ಕಿಟಕಿ ಬಾಗಿಲು ಜಡಿದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೊಗೆ ಹೋಗುತ್ತದಾ? ಇಲ್ಲಿಯೂ ಅದೇ. ಅವನಿಗೆ ಬೇಕಿದ್ದದ್ದು ಜಾಲರಿ ಮುಖದ ಕೇಸು. ಹೊಸ ಫ್ಯಾನು ಕೊಟ್ಟಿದ್ದರೆ ಇನ್ನಷ್ಟು ಗದ್ದಲ ಆಗುತ್ತಿತ್ತು ಅಷ್ಟೇ.

ಹಾಗಾದರೆ ಎಷ್ಟು ಗಾಳಿ ಬೇಕು? ಇದಕ್ಕೊಂದು ಸರಳ ಲೆಕ್ಕ ಇದೆ. ಮೆಷಿನ್ ಎಳೆಯುವ ವ್ಯಾಟ್ಸನ್ನು 1.76ರಿಂದ ಗುಣಿಸಿ, ನಿಜವಾಗಿ ಸಾಗುವ ಸಿಎಫ್‌ಎಂನಿಂದ ಭಾಗಿಸಿ. ಒಳಗೆ ಬಂದ ಗಾಳಿ ಹೊರಗೆ ಹೋಗುವಷ್ಟರಲ್ಲಿ ಎಷ್ಟು ಡಿಗ್ರಿ ಬಿಸಿಯಾಗುತ್ತದೆ ಅನ್ನುವುದು ಸಿಗುತ್ತದೆ. ಆಟ ಆಡುವಾಗ 400 ವ್ಯಾಟ್ ಎಳೆಯುವ ಮೆಷಿನ್ ಅಂತಿಟ್ಟುಕೊಳ್ಳಿ. 70 ಸಿಎಫ್‌ಎಂ ಸಾಗಿದರೆ ಏರಿಕೆ 10 ಡಿಗ್ರಿ. ಗಾಳಿಯನ್ನು ಎರಡು ಪಟ್ಟು ಮಾಡಿ 140ಕ್ಕೆ ಒಯ್ದರೆ 5 ಡಿಗ್ರಿ. ಮತ್ತೆ ಎರಡು ಪಟ್ಟು ಮಾಡಿ 280ಕ್ಕೆ ಒಯ್ದರೆ ಎರಡೂವರೆ. ಪ್ರತಿ ಸಲ ಗಾಳಿ ಎರಡರಷ್ಟು, ಲಾಭ ಮಾತ್ರ ಹಿಂದಿನದರ ಅರ್ಧ. ಇದು ಕೇಸಿನೊಳಗಿನ ಸರಾಸರಿ ಲೆಕ್ಕ, ಚಿಪ್ಪಿನ ಟೆಂಪರೇಚರ್ ಇದೇ ತರಹ ಇಳಿಯುತ್ತದೆ ಅಂತ ಗ್ಯಾರಂಟಿ ಕೊಡುವುದಿಲ್ಲ. ಆದರೆ ದಿಕ್ಕು ಇದೇ. ಇನ್ನೊಂದು, ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನದ್ದಕ್ಕಿಂತ ಹತ್ತಿರ ಹತ್ತಿರ ಶೇಕಡಾ 10ರಷ್ಟು ತೆಳು, ಅಷ್ಟರ ಮಟ್ಟಿಗೆ ಗಾಳಿ ಜಾಸ್ತಿ ಬೇಕು. ಆದರೂ ಕಲಬುರಗಿ, ರಾಯಚೂರಿನವರಿಗಿಂತ ನಾವು ಪುಣ್ಯವಂತರು. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಎಷ್ಟು ಫ್ಯಾನು ಹಾಕಿದರೂ ಒಳಗೆ ಬರುವುದು 40 ಡಿಗ್ರಿಯ ಗಾಳಿಯೇ ಅಲ್ವಾ.

ಈಗ ದನಿಯ ಕಡೆ ನೋಡಿ. ಫ್ಯಾನಿನ ವೇಗದ ಜೊತೆಗೆ ಗಾಳಿ ಸಮನಾಗಿ ಏರುತ್ತದೆ, ದನಿ ಹಾಗಲ್ಲ. ಫ್ಯಾನಿನ ವೇಗ ಎರಡು ಪಟ್ಟಾದರೆ ದನಿ ಸರಿಸುಮಾರು 15 ಡೆಸಿಬಲ್ ಏರುತ್ತದೆ. 10 ಡೆಸಿಬಲ್ ಏರಿದರೇ ನಮ್ಮ ಕಿವಿಗೆ ಎರಡು ಪಟ್ಟು ಜೋರಾದ ಹಾಗೆ ಕೇಳುತ್ತದೆ. ಆದರೆ ಅದೇ ವೇಗದಲ್ಲಿ ಅಂಥದ್ದೇ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬಲ್ ಮಾತ್ರ. ನಾನು ಬಾಯಿ ನೋಯುವಷ್ಟು ಹೇಳುವುದು ಇದನ್ನೇ. ಒಂದು ಫ್ಯಾನನ್ನು 1800ರಲ್ಲಿ ಓಡಿಸುವ ಬದಲು ಎರಡನ್ನು 900ರಲ್ಲಿ ಓಡಿಸಿ. ಗಾಳಿ ಹತ್ತಿರ ಹತ್ತಿರ ಅಷ್ಟೇ, ಲೆಕ್ಕದ ಪ್ರಕಾರ ದನಿ 12 ಡೆಸಿಬಲ್ ಕಡಿಮೆ. ಮೋಟಾರು, ಬೇರಿಂಗಿನ ದನಿ ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ, ದಪ್ಪ ರೇಡಿಯೇಟರ್ ಇದ್ದರೆ ಒತ್ತಡವೂ ಬೇಕಾಗುತ್ತದೆ. ಹಾಗಾಗಿ ಎಲ್ಲರಿಗೂ 900 ಅಂತ ಕಣ್ಣು ಮುಚ್ಚಿ ಹೇಳಲಾರೆ. ಕೇಸಿನಲ್ಲಿ 140 ಮಿಮೀ ಫ್ಯಾನಿಗೆ ಜಾಗ ಇದ್ದರೆ ಅದನ್ನೇ ಹಾಕಿ, ಅಷ್ಟೇ ಗಾಳಿಗೆ ಇನ್ನೂ ನಿಧಾನ ತಿರುಗಿದರೆ ಸಾಕು. ಫ್ಯಾನ್ ಕೊಳ್ಳುವಾಗ "ಪೂರ್ತಿ ವೇಗದಲ್ಲಿ ಎಷ್ಟು ಗಾಳಿ" ಅಂತ ಕೇಳಬೇಡಿ, "ನನಗೆ ಬೇಕಾದಷ್ಟು ಗಾಳಿ ಕೊಡುವಾಗ ಎಷ್ಟು ದನಿ" ಅಂತ ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಒಂದನ್ನು ಹಚ್ಚಿ, ವೇಗ ಇಳಿಸಿ ಕೇಳಿಸಿ ಅನ್ನಿ.

ದಾವಣಗೆರೆಯ ಹುಡುಗನ ಮೆಷಿನ್ನಿನಲ್ಲಿ ಇನ್ನೂ ಒಂದು ವಿಷಯ ಇತ್ತು. ಅವನ ಫ್ಯಾನುಗಳೆಲ್ಲ ಮೋಲೆಕ್ಸ್ ವೈರಿನಿಂದ ನೇರವಾಗಿ ಪವರ್ ಸಪ್ಲೈಗೆ ಸಿಕ್ಕಿಸಿದ್ದವು. ಅಂದರೆ ಸದಾ 12 ವೋಲ್ಟ್, ಸದಾ ಪೂರ್ತಿ ವೇಗ. ಇದನ್ನು ತುಂಬಾ ಕಡೆ ನೋಡುತ್ತೇನೆ. ದಯವಿಟ್ಟು ಮದರ್‌ಬೋರ್ಡಿನ ಹೆಡರ್‌ಗೆ, ಅಂದರೆ ಅದರ ಮೇಲೆ ಫ್ಯಾನ್ ಸಿಕ್ಕಿಸುವ ಪಿನ್ನುಗಳಿಗೆ, ಹಚ್ಚಿ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ನಾಲ್ಕು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯುಎಂ (ಸಿಗ್ನಲ್ ಕಳಿಸಿ ವೇಗ ಬದಲಿಸುವುದು), ಮೂರು ಪಿನ್ನಿನದ್ದಕ್ಕೆ ಡಿಸಿ (ವೋಲ್ಟೇಜ್ ಬದಲಿಸಿ ವೇಗ ಬದಲಿಸುವುದು) ಅಂತ ಆರಿಸಿ. ಮೂರು ಪಿನ್ನಿನ ಫ್ಯಾನನ್ನು ಪಿಡಬ್ಲ್ಯುಎಂಗೆ ಬಿಟ್ಟರೆ ಅದು ಪೂರ್ತಿ ವೇಗದಲ್ಲೇ ಓಡುತ್ತದೆ. ಸಾಮಾನ್ಯವಾಗಿ ಒಂದು ಹೆಡರ್ ತಡೆಯುವುದು 1 ಆಂಪಿಯರ್. ಒಂದೇ ಹೆಡರಿಗೆ ಹಲವು ಫ್ಯಾನು ಸಿಕ್ಕಿಸುವ ಹಬ್ ಹಾಕಿ ಸುಮ್ನೆ ಫ್ಯಾನುಗಳನ್ನು ಗುಡ್ಡೆ ಹಾಕುವ ಮುಂಚೆ ಮದರ್‌ಬೋರ್ಡಿನ ಕೈಪಿಡಿ ನೋಡಿ.

ಬಯೋಸ್‌ನಲ್ಲೇ ಇನ್ನೊಂದು ಸೆಟ್ಟಿಂಗ್ ಇದೆ. ಕೇಸ್ ಫ್ಯಾನುಗಳು ಹೆಚ್ಚಾಗಿ ಪ್ರೊಸೆಸರಿನ ಟೆಂಪರೇಚರ್ ನೋಡಿ ವೇಗ ಬದಲಿಸುತ್ತವೆ. ಬ್ರೌಸರ್ ತೆರೆದರೂ ಪ್ರೊಸೆಸರ್ ಒಂದು ಕ್ಷಣ 15–20 ಡಿಗ್ರಿ ಜಿಗಿಯಬಹುದು. ಫ್ಯಾನ್ ಅದರ ಹಿಂದೆ ಓಡಿ ರೊಯ್ ಅಂದು ಮತ್ತೆ ಸುಮ್ಮನಾಗುತ್ತದೆ. ಒಂದೇ ಸಮ ಬರುವ ದನಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಏರಿಳಿಯುವ ದನಿಗೆ ಒಗ್ಗುವುದಿಲ್ಲ. ಜನ "ಫ್ಯಾನ್ ಸರಿಯಿಲ್ಲ" ಅಂತ ವಾಪಸ್ ತರುವುದರಲ್ಲಿ ಎಷ್ಟೋ ಇದೇ ತೊಂದರೆ. ವೇಗ ಏರಲು ತೆಗೆದುಕೊಳ್ಳುವ ಸಮಯವನ್ನು ಉದ್ದ ಮಾಡಿ. ಸಾಧ್ಯವಿದ್ದರೆ ಮದರ್‌ಬೋರ್ಡಿನ ಅಥವಾ ಗ್ರಾಫಿಕ್ಸ್ ಕಾರ್ಡಿನ ಟೆಂಪರೇಚರಿಗೆ ಕಟ್ಟಿ. ಆಮೇಲೆ ನಿಮ್ಮ ದಿನದ ಕೆಲಸವನ್ನೇ ಅರ್ಧ ಗಂಟೆ ಓಡಿಸಿ, ವೇಗವನ್ನು 100 ಆರ್‌ಪಿಎಂ ಹಾಗೆ ಇಳಿಸುತ್ತಾ ಬನ್ನಿ. ಟೆಂಪರೇಚರ್ ನಾಲ್ಕೈದು ಡಿಗ್ರಿ ಏರಿದಲ್ಲಿ ನಿಲ್ಲಿಸಿ. ಮೇಲೆ ಸೀಲಿಂಗ್ ಫ್ಯಾನ್ ಓಡುತ್ತಿರುವಾಗ ಈ ಪರೀಕ್ಷೆ ಮಾಡಬೇಡಿ, ಏನೂ ಗೊತ್ತಾಗುವುದಿಲ್ಲ. ರಾತ್ರಿ ಅದನ್ನು ಆರಿಸಿ, ನೀವು ಕೂರುವ ಕುರ್ಚಿಯಲ್ಲೇ ಕೂತು ಕೇಳಿ.

ಧೂಳಿನ ಬಗ್ಗೆ ಹೇಳದಿದ್ದರೆ ಇಷ್ಟೆಲ್ಲ ಹೇಳಿದ್ದೂ ದಂಡ. ದೇವರ ಕೋಣೆಯ ಪಕ್ಕ ಇಟ್ಟ ಕಂಪ್ಯೂಟರಿನ ಫಿಲ್ಟರ್ ತೆಗೆದು ನೋಡಿ. ಊದುಬತ್ತಿಯ ಹೊಗೆ ಕೂತು ಜಿಡ್ಡಾಗಿ, ಅದರ ಮೇಲೆ ಧೂಳು ಕಂಬಳಿ ಕಟ್ಟಿರುತ್ತದೆ. ಒರೆಸಿದರೆ ಹೋಗುವುದಿಲ್ಲ. ಸೋಪು ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಫಿಲ್ಟರ್ ಕಟ್ಟಿದ್ದಕ್ಕೇ ಒಳಗೆ ಬಿಸಿಯಾಗಿ, ಫ್ಯಾನ್ ಜೋರಾಗಿ, ಮಾಲೀಕರು ಹೊಸ ಫ್ಯಾನ್ ಕೇಳಿಕೊಂಡು ಬಂದದ್ದಿದೆ. ತೊಳೆದು ಕಳಿಸಿದ್ದೇನೆ. ಬ್ಲೋವರ್‌ನಿಂದ ಧೂಳು ಹೊಡೆಯುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಅದರ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು, ಆಮೇಲೆ ಬರುವ ಕರಕರ ದನಿಯನ್ನು ಯಾವ ಸೆಟ್ಟಿಂಗಿನಿಂದಲೂ ನಾನು ತೆಗೆಯಲಾರೆ.