ಹಳೆಯ ಪಿಕಪ್‌ನ ಹಿಂದಿನ ಆ್ಯಕ್ಸಲ್: ಸ್ಟಿಕರ್ ನಂಬಬೇಕೇ, ಸುತ್ತು ಎಣಿಸಬೇಕೇ?

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿದ್ದೇನೆ. ಇತ್ತೀಚೆಗೆ 1989ರ ಫೋರ್ಡ್ ಎಫ್-150 ಪಿಕಪ್ ಕೊಂಡೆ. ಟ್ರೈಲರ್ ಎಳೆಯುವ ಮೊದಲು ಹಿಂದಿನ ಆ್ಯಕ್ಸಲ್‌ನ ಗೇರ್ ಅನುಪಾತ ತಿಳಿದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಚಾಲಕನ ಬಾಗಿಲಿನ ಸ್ಟಿಕರ್‌ನಲ್ಲಿ ಆ್ಯಕ್ಸಲ್ ಸಂಕೇತ ‘ಎಚ್9’ ಎಂದಿದೆ. ಅದನ್ನು ನಂಬಬಹುದೇ? ಏನನ್ನೂ ಬಿಚ್ಚದೆ ಖಚಿತಪಡಿಸಿಕೊಳ್ಳಲು ಸಾಧ್ಯವೇ?

ಉತ್ತರ: ‘ಎಚ್9’ ಎಂದರೆ 3.55 ಅನುಪಾತ (ಚಕ್ರದ ಒಂದು ಸುತ್ತಿಗೆ, ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ 3.55 ಸುತ್ತು), ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಸಹಿತ. ಡಿಫರೆನ್ಷಿಯಲ್ ಎಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ; ಲಿಮಿಟೆಡ್ ಸ್ಲಿಪ್ ಆ ವ್ಯತ್ಯಾಸಕ್ಕೆ ಮಿತಿ ಹಾಕುತ್ತದೆ. ಅದೇ 3.55 ಸಾಮಾನ್ಯ ಡಿಫರೆನ್ಷಿಯಲ್‌ನೊಂದಿಗೆ ಬಂದಿದ್ದರೆ ಸಂಕೇತ ‘19’ ಎಂದಿರುತ್ತಿತ್ತು. ಆದರೆ ಆ ಸ್ಟಿಕರ್ ಹೇಳುವುದು ಗಾಡಿ ಕಾರ್ಖಾನೆಯಿಂದ ಹೊರಬಂದ ದಿನದ ಮಾತನ್ನು ಮಾತ್ರ. ಅಷ್ಟು ವರ್ಷಗಳಲ್ಲಿ ಎಷ್ಟು ಕೈಗಳು ಆ ಆ್ಯಕ್ಸಲ್‌ನ ಹೌಸಿಂಗ್ (ಹೊರಕವಚ) ಬಿಚ್ಚಿವೆಯೋ ಯಾರು ಬಲ್ಲರು? ನನ್ನ ಸ್ನೇಹಿತರೊಬ್ಬರ ಪಿಕಪ್‌ನಲ್ಲಿ ಡಿಫರೆನ್ಷಿಯಲ್ ಕವರ್‌ನ ಬೋಲ್ಟಿಗೆ ಸಿಕ್ಕಿಸಿದ್ದ ಲೋಹದ ಪಟ್ಟಿಯೂ 3.55 ಎಂದೇ ಹೇಳುತ್ತಿತ್ತು. ಎಣಿಸಿ ನೋಡಿದರೆ ಒಳಗಿದ್ದದ್ದು 4.10. ಹಿಂದಿನ ಮಾಲೀಕರು ಗೇರ್ ಬದಲಿಸಿ, ಹಳೆಯ ಪಟ್ಟಿಯನ್ನೇ ಮತ್ತೆ ಸಿಕ್ಕಿಸಿದ್ದರು. ಸ್ಟಿಕರ್ ಓದಿ, ಪಟ್ಟಿಯನ್ನೂ ಓದಿ, ಆದರೆ ತೀರ್ಮಾನಕ್ಕೆ ಬರುವ ಮೊದಲು ಕೈಯಾರೆ ಸುತ್ತು ಎಣಿಸಿ.

ಪಟ್ಟಿಯನ್ನು ಓದುವುದು ಹೇಗೆಂದು ಹೇಳಿಬಿಡುತ್ತೇನೆ. ಗ್ರೀಸು, ಮಣ್ಣು ಒರೆಸಿದರೆ ‘3’ ಮತ್ತು ‘55’ ಕಾಣುತ್ತವೆ. ಅವೆರಡರ ನಡುವೆ ‘ಎಲ್’ ಅಕ್ಷರವಿದ್ದರೆ ಲಿಮಿಟೆಡ್ ಸ್ಲಿಪ್. ಷೆವರ್ಲೆ, ಜಿಎಂಸಿ ಪಿಕಪ್ ಇರುವವರು ಗ್ಲೋವ್ ಬಾಕ್ಸ್ ತೆರೆದು ಅಲ್ಲಿನ ಸ್ಟಿಕರ್‌ನಲ್ಲಿ ಹುಡುಕಬೇಕು: ಜಿಯು4 ಎಂದರೆ 3.08, ಜಿಯು6 ಎಂದರೆ 3.42, ಜಿಟಿ4 ಎಂದರೆ 3.73, ಜಿಟಿ5 ಎಂದರೆ 4.10. ಜೊತೆಗೆ ಜಿ80 ಇದ್ದರೆ ಲಾಕ್ ಆಗುವ ಡಿಫರೆನ್ಷಿಯಲ್.

ಈ ವಿಚಿತ್ರ ದಶಮಾಂಶಗಳು ಎಲ್ಲಿಂದ ಬಂದವು? ಆ್ಯಕ್ಸಲ್ ಒಳಗಿನ ದೊಡ್ಡ ಗೇರ್ ಆದ ಕ್ರೌನ್ ವೀಲ್‌ನ ಹಲ್ಲುಗಳನ್ನು, ಶಾಫ್ಟ್ ತಿರುಗಿಸುವ ಸಣ್ಣ ಗೇರ್ ಆದ ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 41 ಹಲ್ಲಿನ ಕ್ರೌನ್‌ಗೆ 11 ಹಲ್ಲಿನ ಪಿನಿಯನ್ ಸೇರಿದರೆ 3.73, 10 ಹಲ್ಲಿನದಾದರೆ 4.10. ಪೂರ್ತಿ 4.00 ಅಪರೂಪವಾಗಿರುವುದಕ್ಕೆ ಒಂದು ಚೆಂದದ ಕಾರಣವಿದೆ. 40ಕ್ಕೆ 10 ಸೇರಿಸಿದರೆ ಪಿನಿಯನ್‌ನ ಒಂದು ಹಲ್ಲು ಕ್ರೌನ್‌ನ ಪ್ರತಿ ಸುತ್ತಿನಲ್ಲೂ ಅದರ ಅದೇ ನಾಲ್ಕು ಹಲ್ಲುಗಳನ್ನು ಮುಟ್ಟುತ್ತದೆ. ಒಂದರಲ್ಲಿ ದೋಷವಿದ್ದರೆ ಅದೇ ಜಾಗ ಸವೆಯುತ್ತದೆ. 41ಕ್ಕೆ 10 ಇದ್ದರೆ ಪ್ರತಿ ಹಲ್ಲೂ ಸರದಿಯಂತೆ ಎದುರಿನ ಎಲ್ಲ ಹಲ್ಲುಗಳನ್ನೂ ಭೇಟಿಯಾಗುತ್ತದೆ, ಸವೆತ ಹಂಚಿಹೋಗುತ್ತದೆ. ಮಹೀಂದ್ರಾ ನಮ್ಮಲ್ಲಿ ತಯಾರಿಸಿದ ವಿಲ್ಲಿಸ್ ವಂಶದ ಸಿಜೆ3ಬಿ ಜೀಪ್‌ನ 5.38 ಕೂಡ ಹೀಗೆಯೇ ಬಂದದ್ದು: 43ಕ್ಕೆ 8.

ಇನ್ನು ಎಣಿಸುವ ಕೆಲಸ. ಸಮತಟ್ಟಾದ ಗಟ್ಟಿ ನೆಲ ಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ ಕೊಡಿ. ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಆಗ ಗಾಡಿಯನ್ನು ಹಿಡಿದಿರುವುದು ಆ ಅಡ್ಡಗಟ್ಟೆಗಳು ಮಾತ್ರ ಎಂಬುದನ್ನು ಮರೆಯಬೇಡಿ. ಜಾಕ್‌ನಿಂದ ಎತ್ತಿದ ಮೇಲೆ ಆ್ಯಕ್ಸಲ್ ಕೆಳಗೆ ಸ್ಟ್ಯಾಂಡ್ ಇಡದೆ ತಲೆ ಒಳಗೆ ಹಾಕಲೇಬೇಡಿ.

ನಿಮ್ಮದು ಲಿಮಿಟೆಡ್ ಸ್ಲಿಪ್ ಎಂದಿರುವುದರಿಂದ ಹಿಂದಿನ ಎರಡೂ ಚಕ್ರಗಳನ್ನು ಎತ್ತಿ. ಟೈರಿಗೊಂದು, ಪ್ರೊಪೆಲ್ಲರ್ ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ, ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತುತ್ತದೆಯೋ ಅದೇ ಅನುಪಾತ. ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗಿದರೆ ಒಳಗಿರುವುದು ಸಾಮಾನ್ಯ ಡಿಫರೆನ್ಷಿಯಲ್, ಇಲ್ಲವೇ ಲಿಮಿಟೆಡ್ ಸ್ಲಿಪ್‌ನ ಕ್ಲಚ್ ತಟ್ಟೆಗಳು ಸವೆದಿವೆ. ಆಗ ಒಂದು ಚಕ್ರವನ್ನು ನೆಲಕ್ಕಿಳಿಸಿ. ಎತ್ತಿದ ಚಕ್ರ ಎರಡು ಸುತ್ತು ತಿರುಗಿದರೆ ಕ್ರೌನ್ ತಿರುಗುವುದು ಒಂದೇ ಸುತ್ತು; ಹೀಗಾಗಿ ಎರಡು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತಿತೆಂದು ನೋಡಬೇಕು. (ಜಿ80 ಇರುವವರು ಇಲ್ಲಿ ಗಾಬರಿಪಡಬೇಕಿಲ್ಲ. ಅದು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಲಾಕ್ ಆಗುವುದಿಲ್ಲ, ಸಾಮಾನ್ಯ ಡಿಫರೆನ್ಷಿಯಲ್‌ನಂತೆಯೇ ವರ್ತಿಸುತ್ತದೆ.)

ಬಹಳ ಜನ ಒಮ್ಮೆ ತಿರುಗಿಸಿ, ‘ಮೂರೂವರೆಗಿಂತ ಸ್ವಲ್ಪ ಜಾಸ್ತಿ’ ಎಂದು ನಿಲ್ಲಿಸುತ್ತಾರೆ. 3.55ಕ್ಕೂ 3.73ಕ್ಕೂ ಇರುವ ವ್ಯತ್ಯಾಸ ಐದನೇ ಒಂದು ಸುತ್ತಿಗಿಂತಲೂ ಕಡಿಮೆ, ಕಣ್ಣಂದಾಜಿಗೆ ಅದು ಸಿಗದು. ಒಬ್ಬರು ಚಕ್ರವನ್ನು ಹತ್ತು ಸುತ್ತು ತಿರುಗಿಸಲಿ, ಇನ್ನೊಬ್ಬರು ಶಾಫ್ಟಿನ ಗೆರೆ ನೋಡುತ್ತಾ ಗಟ್ಟಿಯಾಗಿ ಎಣಿಸಲಿ. ಒಂದೇ ಚಕ್ರ ಎತ್ತಿದ್ದರೆ ಇಪ್ಪತ್ತು ಸುತ್ತು. 35 ದಾಟಿ ಅರ್ಧಕ್ಕೆ ನಿಂತರೆ 3.55, 37 ದಾಟಿ ಕಾಲು ಸುತ್ತು ಹೋದರೆ 3.73. ಆಮೇಲೆ ಗೊಂದಲಕ್ಕೆ ಜಾಗವೇ ಇಲ್ಲ.

ಇಷ್ಟು ಹಟ ಏಕೆಂದರೆ, 28 ಇಂಚು ವ್ಯಾಸದ ಟೈರಿನಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ, ಓವರ್‌ಡ್ರೈವ್ ಇಲ್ಲದ ನೇರ ಗೇರಿನಲ್ಲಿ (ಎಂಜಿನ್ ಮತ್ತು ಶಾಫ್ಟ್ ಒಂದೇ ವೇಗದಲ್ಲಿ ತಿರುಗುವ ಗೇರ್), 3.08 ಇದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು 2,300 ಸುತ್ತು ತಿರುಗುತ್ತದೆ, 4.10 ಇದ್ದರೆ ಸುಮಾರು 3,060. ಟ್ರೈಲರ್ ಕಟ್ಟಿ ಏರು ಹತ್ತುವಾಗ ಎರಡನೆಯದು ಬೇಕೆನಿಸುತ್ತದೆ, ದಿನವೂ ಹೆದ್ದಾರಿಯಲ್ಲಿ ಓಡಾಡುವವರಿಗೆ ಪೆಟ್ರೋಲ್ ಉಳಿಸುವುದು ಮೊದಲನೆಯದು.

ನಿಮ್ಮದು ಫೋರ್ ವೀಲ್ ಡ್ರೈವ್ ಆಗಿದ್ದರೆ ಮುಂದಿನ ಆ್ಯಕ್ಸಲ್ ಅನ್ನೂ ಹೀಗೆಯೇ ಎಣಿಸಿ. ಅಲ್ಲಿನ ಪಟ್ಟಿಯಲ್ಲಿ 3.54 ಎಂದು ಕಂಡರೆ ಹೆದರಬೇಡಿ. ಅದು 46ಕ್ಕೆ 13ರ ಜೋಡಿ, ಹಿಂದಿನ 3.55ಕ್ಕೆ ಫೋರ್ಡ್ ಕಂಪನಿಯೇ ಕೊಟ್ಟ ಜೊತೆ. ಮುಂದೆ 3.54 ಇದ್ದು ಹಿಂದೆ ಎಣಿಕೆ 37 ದಾಟಿದರೆ ಮಾತ್ರ, ಯಾರೋ ಹಿಂದಿನದನ್ನಷ್ಟೇ ಬದಲಿಸಿದ್ದಾರೆ ಎಂದರ್ಥ. ಅದನ್ನು ಸರಿಪಡಿಸುವವರೆಗೆ ಗಾಡಿಯನ್ನು ಫೋರ್ ವೀಲ್‌ಗೆ ಹಾಕಬೇಡಿ.